ಪರದೆಯಲ್ಲಿ ನೇರ, ಮೆಷಿನ್‌ನಲ್ಲಿ ಓರೆ: ಆರು ಪ್ಲೇಟ್‌ಗಳ ಟೂಲ್ ಪಾತ್ ಪರೀಕ್ಷೆ

ಪೀಣ್ಯ ಎರಡನೇ ಹಂತದಲ್ಲಿ ನಾನು ಕೆಲಸ ಮಾಡುವ ಜಾಬ್ ಶಾಪ್‌ನಲ್ಲಿ ಎರಡು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕೊರೆಯುವ ಮೆಷಿನ್) ಇವೆ. ಇದು ಹಳೆಯ ಮೆಷಿನ್ ಮೇಲೆ ನಡೆದ ಒಂದು ಕೆಲಸದ ದಿನಚರಿ. ಟೂಲ್ ತಿರುಗಿಸುವ ಸ್ಪಿಂಡಲ್ ಬಿಟಿ40, ಫ್ಯಾನುಕ್ 0ಐ-ಎಂಡಿ ಕಂಟ್ರೋಲ್, ಎಕ್ಸ್ (ಎಡ-ಬಲ) ಮತ್ತು ವೈ (ಹಿಂದೆ-ಮುಂದೆ) ಎರಡಕ್ಕೂ ರ್ಯಾಪಿಡ್ (ಕತ್ತರಿಸದೆ ಓಡುವ ವೇಗ) ನಿಮಿಷಕ್ಕೆ 24 ಮೀಟರ್. ಅಂದರೆ ಸೆಕೆಂಡಿಗೆ 400 ಮಿಮೀ. ಕಣ್ಣು ಕಂಡು ಕೈ ಬಟನ್ ಒತ್ತುವ ಕಾಲು ಸೆಕೆಂಡಿನಲ್ಲಿ ಟೂಲ್ 100 ಮಿಮೀ ಮುಂದೆ ಹೋಗಿರುತ್ತದೆ. ಈ ಲೆಕ್ಕವನ್ನು ಹಿಂದೆ ಎಷ್ಟೋ ಸಲ ಹುಡುಗರಿಗೆ ಹೇಳಿಕೊಟ್ಟಿದ್ದೆ. ಈ ವಾರ ಅದು ನನ್ನ ಮೇಲೇ ಬಂತು.

ಜಾಬ್ ಸಣ್ಣದು. ಇಎನ್8 ಉಕ್ಕಿನ ಪ್ಲೇಟ್, 200 × 120 × 25 ಮಿಮೀ, ಒಂದೊಂದೂ ಸುಮಾರು 4.7 ಕೆಜಿ. ನಡುವೆ 60 ಎಚ್7 (60 ಮಿಮೀ ವ್ಯಾಸ, ಬಿಗಿ ಅಳತೆ) ಅಳತೆಯ, 12 ಮಿಮೀ ಆಳದ ದುಂಡನೆಯ ಪಾಕೆಟ್. ನಾಲ್ಕು ಮೂಲೆಗಳಲ್ಲಿ ಆರಪಾರ ಎಂ10 ಟ್ಯಾಪ್ (ಬೋಲ್ಟಿನ ಥ್ರೆಡ್). ಮೂಲೆಯ ತೂತುಗಳು ನಡುವಿನಿಂದ ಎಕ್ಸ್‌ನಲ್ಲಿ 80, ವೈಯಲ್ಲಿ 45. ಮೇಲ್ಮೈ ಗ್ರೈಂಡಿಂಗ್ ಆಗಿ ಬಂದಿತ್ತು. ಪಾರ್ಟಿ ಕೊಟ್ಟದ್ದು ಆರೇ ಪ್ಲೇಟ್, ಬೇಕಾದದ್ದೂ ಆರೇ. ಒಂದು ಹಾಳಾದರೆ ಕೈಯಲ್ಲಿ ಇನ್ನೊಂದಿಲ್ಲ.

ಜೂನ್ 5, ಗುರುವಾರ: ಪೆಟ್ಟು

ಪ್ಲೇಟನ್ನು ಪ್ಯಾರಲಲ್ (ಸಮ ಎತ್ತರದ ಉಕ್ಕಿನ ಪಟ್ಟಿ) ಮೇಲೆ ಕೂರಿಸಿ ನಾಲ್ಕು ಸ್ಟ್ರಾಪ್ ಕ್ಲ್ಯಾಂಪ್ ಹಾಕಿದೆ, ಹಿಂದೆ ಎರಡು, ಮುಂದೆ ಎರಡು. ಕ್ಲ್ಯಾಂಪಿನ ಪಟ್ಟಿ 16 ಮಿಮೀ ದಪ್ಪ. ನಟ್ಟು, ಸ್ಟಡ್ ಎಲ್ಲ ಸೇರಿ ಪ್ಲೇಟಿನ ಮೇಲ್ಮೈಯಿಂದ 38 ಮಿಮೀ ಎತ್ತರ. ಅಳತೆಯ ಝೀರೋ (ಪ್ರೋಗ್ರಾಂನಲ್ಲಿ ಜಿ54) ಪ್ಲೇಟಿನ ನಡುವೆ, ಝಡ್ (ಎತ್ತರ) ಸೊನ್ನೆ ಮೇಲ್ಮೈಯಲ್ಲಿ.

ಪ್ರೋಗ್ರಾಂ ಕ್ಯಾಮ್‌ನಲ್ಲಿ (ಟೂಲ್ ದಾರಿ ಬರೆಯುವ ಸಾಫ್ಟ್‌ವೇರ್) ಮಾಡಿದ್ದು. ಕಂಪ್ಯೂಟರ್‌ನಲ್ಲಿ ಸಿಮ್ಯುಲೇಷನ್ ಎರಡು ಸಲ ನೋಡಿದೆ, ಕೆಂಪು ಗುರುತು ಒಂದೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಏಕೆಂದರೆ ಕ್ಲ್ಯಾಂಪ್‌ಗಳ ಮಾಡೆಲ್ ಹಾಕಿರಲಿಲ್ಲ. "ತೂತಿನಿಂದ ತೂತಿಗೆ ಹೋಗುವ ಗೆರೆ ಪ್ಲೇಟಿನ ನಡುವೆ ಹಾಯುತ್ತೆ, ಕ್ಲ್ಯಾಂಪ್ ಅಂಚಿನಲ್ಲಿವೆ" ಎಂದು ಕಣ್ಣಳತೆಯಲ್ಲೇ ಒಪ್ಪಿಕೊಂಡೆ. ಇದು ಮೊದಲ ತಪ್ಪು.

ಎರಡನೆಯದು ತೂತುಗಳನ್ನು ಆರಿಸಿದ ಕ್ರಮ. ಫ್ಲೇಂಜ್ ಬೋಲ್ಟ್ ಬಿಗಿ ಮಾಡುವಾಗ ಎದುರುಬದುರು ಬಿಗಿಯುವ ಅಭ್ಯಾಸ ಕೈಗೆ ಅಂಟಿಕೊಂಡಿದೆ. ಕ್ಯಾಮ್‌ನಲ್ಲೂ ಹಾಗೇ ಕ್ಲಿಕ್ ಮಾಡಿದೆ. ಮೊದಲು ಮುಂದಿನ ಎಡ ಮೂಲೆ, ಆಮೇಲೆ ಹಿಂದಿನ ಬಲ ಮೂಲೆ. ಡ್ರಿಲ್ಲಿಂಗ್‌ಗೆ ಆ ಕ್ರಮದಿಂದ ಯಾವ ಲಾಭವೂ ಇಲ್ಲ, ದಾರಿ ಉದ್ದವಾಗುತ್ತದೆ ಅಷ್ಟೆ.

ಮೂರನೆಯದು ಜಿ99. ಒಂದು ತೂತು ಮುಗಿದ ಮೇಲೆ ಟೂಲ್ ಆರ್ ಮಟ್ಟಕ್ಕೆ (ರ್ಯಾಪಿಡ್ ನಿಂತು ಕೊರೆತ ಶುರುವಾಗುವ ಎತ್ತರ) ಮಾತ್ರ ಏಳುತ್ತದೆ. ನಾನು ಕೊಟ್ಟಿದ್ದ ಆರ್ 5 ಮಿಮೀ. ಅಡ್ಡ ಹೋಗುವಾಗ ಟೂಲಿನ ತುದಿ ಮೇಲ್ಮೈಯಿಂದ ಬರೀ 5 ಮಿಮೀ ಮೇಲೆ, ಕ್ಲ್ಯಾಂಪಿನ ಪಟ್ಟಿ 16.

10 ಮಿಮೀ ಎಂಡ್ ಮಿಲ್ ಪಾಕೆಟನ್ನು ಚೆನ್ನಾಗಿ ಮುಗಿಸಿತು. ಅದು ಹೋದ ರೀತಿ ನೋಡಿ ಧೈರ್ಯ ಬಂದು ರ್ಯಾಪಿಡ್ ಓವರ್‌ರೈಡನ್ನು (ಆ ವೇಗವನ್ನು ತಗ್ಗಿಸುವ ಸ್ವಿಚ್) ಶೇಕಡಾ 25ರಿಂದ 100ಕ್ಕೆ ಏರಿಸಿಬಿಟ್ಟೆ. ಮುಂದಿನ ಟೂಲ್ 10 ಮಿಮೀ ಕಾರ್ಬೈಡ್ ಸ್ಪಾಟ್ ಡ್ರಿಲ್, ತೂತಿನ ಜಾಗಕ್ಕೆ ಮೊದಲ ಗುಂಡಿ ಹಾಕುವುದು. ಮೊದಲ ತೂತಿಗೆ ಸ್ಪಾಟ್ ಹಾಕಿತು, ಎದ್ದಿತು, ಟಪ್ ಎಂದಿತು. ಶಬ್ದ ದೊಡ್ಡದೇನಲ್ಲ. ನಾನು ಫೀಡ್ ಹೋಲ್ಡ್ (ಚಲನೆ ನಿಲ್ಲಿಸುವ ಬಟನ್) ಒತ್ತುವಷ್ಟರಲ್ಲಿ ಡ್ರಿಲ್‌ನ ಮೊಂಡು ಎರಡನೇ ತೂತಿನ ಮೇಲೆ ಹೋಗಿ ನಿಂತಿತ್ತು. ಹಿಂದಿನ ಬಲಗಡೆಯ ಕ್ಲ್ಯಾಂಪ್ ಓರೆಯಾಗಿತ್ತು. ಮುರಿದ ತುದಿ ಕೂಲೆಂಟ್ ಟ್ರೇನಲ್ಲಿ ಸಿಕ್ಕಿತು.

ಬಾಗಿಲು ತೆಗೆದು ನೋಡಿದಾಗ ನಿಜಕ್ಕೂ ಕಾಲು ನಡುಗಿತು. ಡ್ರಿಲ್ ಕಾಲೆಟ್‌ನಿಂದ (ಟೂಲನ್ನು ಬಿಗಿ ಹಿಡಿಯುವ ತೋಳು) 40 ಮಿಮೀ ಹೊರಗಿತ್ತು. ತುದಿ ಮೇಲ್ಮೈಯಿಂದ 5 ಮಿಮೀ ಮೇಲಿದ್ದಾಗ ಕಾಲೆಟ್ ನಟ್ಟಿನ ತಳ 45ರಲ್ಲಿ. ಸ್ಟಡ್ ಎತ್ತರ 38. ಬರೀ 7 ಮಿಮೀ ಅಂತರದಲ್ಲಿ ಕಾಲೆಟ್ ನಟ್ಟು ಸ್ಟಡ್ಡಿನ ಮೇಲೆ ಹಾದುಹೋಗಿತ್ತು. ಡ್ರಿಲ್ ಒಂದಿಷ್ಟು ಗಿಡ್ಡ ಕಟ್ಟಿದ್ದರೆ ಮುರಿಯುತ್ತಿದ್ದದ್ದು ಸ್ಪಿಂಡಲ್ ಬೇರಿಂಗ್.

ಯಜಮಾನರಿಗೆ ಆಗಲೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಯಾಕಾಯ್ತು ಅಂತ ಗೊತ್ತಾಗೋವರೆಗೂ ಮೆಷಿನ್ ಆನ್ ಮಾಡ್ಬೇಡ" ಎಂದರು. ಡೆಲಿವರಿ ಮಂಗಳವಾರಕ್ಕೆ ಒಪ್ಪಿಕೊಂಡಿದ್ದರು.

ಜೂನ್ 6, ಶುಕ್ರವಾರ ಬೆಳಿಗ್ಗೆ: ಮೆಷಿನ್‌ಗೆ ಏನಾದರೂ ಆಗಿದೆಯೇ

ಮೊದಲು ಸ್ಪಿಂಡಲ್. ಟೇಪರ್ ಒರೆಸಿ ಟೆಸ್ಟ್ ಮ್ಯಾಂಡ್ರೆಲ್ (ನೇರವಾದ ಪರೀಕ್ಷಾ ದಂಡ) ಹಾಕಿ ಡಯಲ್ ಗೇಜ್ ಹಿಡಿದೆವು. ತಿರುಗುವಾಗಿನ ಓಲಾಟ ಮೂತಿಯ ಹತ್ತಿರ 0.005 ಮಿಮೀ, ಕೆಳಗೆ 300 ಮಿಮೀನಲ್ಲಿ 0.015. ಹಿಂದಿನ ಸರ್ವೀಸ್ ಶೀಟಿನಲ್ಲಿ ಬರೆದದ್ದೂ ಅಷ್ಟೇ. ಕೈಯಲ್ಲಿ ತಿರುಗಿಸಿದರೆ ಎಲ್ಲೂ ಹಿಡಿಯಲಿಲ್ಲ. ಎಕ್ಸ್ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಡಯಲ್‌ನಲ್ಲಿ 0.01ರ ಒಳಗೆ.

ಕಾಲೆಟ್ ಮಾತ್ರ ಹೋಯಿತು. ಹೊಸ ಶ್ಯಾಂಕ್ ಕಟ್ಟಿ ನೋಡಿದರೆ 0.06 ಓಲಾಟ. ಬೇರೆ ಕಾಲೆಟ್ ಹಾಕಿದರೆ 0.01. ಆದ್ದರಿಂದ ಹೋಲ್ಡರ್ ಸರಿಯಾಗಿದೆ. ಇಆರ್32 ಕಾಲೆಟ್ 380 ರೂಪಾಯಿ, ಸ್ಪಾಟ್ ಡ್ರಿಲ್ 1,350. ಪ್ಲೇಟ್ ಒಂದು ಕಡೆ ಅರ್ಧ ಮಿಮೀಗಿಂತ ಸ್ವಲ್ಪ ಹೆಚ್ಚು ಸರಿದಿತ್ತು, ಆದರೆ ಮೈಮೇಲೆ ಗೀರು ಇರಲಿಲ್ಲ. ಅದಕ್ಕೆ "1" ಎಂದು ಗುರುತು ಹಾಕಿ ಎಣ್ಣೆ ಸವರಿ ಪಕ್ಕಕ್ಕಿಟ್ಟೆ.

ಈಗ ಮುಖ್ಯ ಪ್ರಶ್ನೆ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ ನೇರ ಗೆರೆ ಎಳೆದರೆ ಅದು ಪ್ಲೇಟಿನ ನಟ್ಟನಡುವೆ ಹೋಗುತ್ತದೆ. ಪೆಟ್ಟು ತಿಂದ ಕ್ಲ್ಯಾಂಪಿನ ನಡು ಎಕ್ಸ್ 40ರಲ್ಲಿ, ಪಟ್ಟಿ 30 ಮಿಮೀ ಅಗಲ. ಅದರ ಮೂಗು ವೈ 38ರವರೆಗೆ ಒಳಗೆ ಬಂದಿತ್ತು. ಗೆರೆಗೆ ಅತಿ ಹತ್ತಿರ ಬರುವುದು ಪಟ್ಟಿಯ ಬಲ ಮೂಲೆ, ಎಕ್ಸ್ 55; ಅಲ್ಲಿ ನೇರ ಗೆರೆಯ ವೈ ಸುಮಾರು 31. ಡ್ರಿಲ್‌ನ 5 ಮಿಮೀ ಅರ್ಧವ್ಯಾಸ ಸೇರಿಸಿದರೂ ತಾಗದಷ್ಟು ಜಾಗ ಉಳಿಯಬೇಕು. ಆದರೆ ಪೆಟ್ಟಿನ ಗುರುತು ಇದ್ದದ್ದು ಕ್ಲ್ಯಾಂಪಿನ ಮೂಗಿನ ಮೇಲಲ್ಲ, ಎಡ ಮಗ್ಗುಲಲ್ಲಿ, ಮೂಗಿನಿಂದ ಸುಮಾರು 7 ಮಿಮೀ ಹಿಂದೆ. ಟೂಲ್ ಓರೆಯಾಗಿ ಬಂದು ಮೂಗಿಗೆ ತಾಗಿಲ್ಲ. ಎಡದಿಂದ ಬಲಕ್ಕೆ, ವೈ 45ರ ಗೆರೆಯಲ್ಲೇ ನೇರವಾಗಿ ಬಂದು ಹೊಡೆದಿದೆ.

ಆ ಗುರುತನ್ನು ತೋರಿಸಿದ್ದು ನಮ್ಮ ಹಿರಿಯ ಫಿಟ್ಟರ್. ಅವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಪ್ರೋಗ್ರಾಮಿಂಗ್ ಅವರ ಕೆಲಸವಲ್ಲ. ಕ್ಲ್ಯಾಂಪನ್ನು ಬೆಳಕಿಗೆ ಹಿಡಿದು, "ನೋಡಪ್ಪ, ಇದು ಪಕ್ಕದಿಂದ ಬಿದ್ದಿರೋ ಏಟು. ನಿನ್ನ ಟೂಲು ನೀನು ಹೇಳಿದ ದಾರೀಲಿ ಹೋಗಿಲ್ಲ" ಎಂದರು.

ಜೂನ್ 6, ಮಧ್ಯಾಹ್ನ: ಪೆನ್ನು ಕಟ್ಟಿ ನೋಡಿದ್ದು

ಟೂಲ್ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೆಷಿನ್ನನ್ನೇ ಕೇಳುವುದು ಅಂತ ತೀರ್ಮಾನಿಸಿದೆ. ಲೇತ್‌ನಲ್ಲಿ 12 ಮಿಮೀ ಹೊರವ್ಯಾಸದ ಒಂದು ಬುಷ್ ತಿರುವಿ, ಒಳಗೆ ಸಣ್ಣ ಸ್ಪ್ರಿಂಗ್ ಇಟ್ಟು ಬಾಲ್ ಪೆನ್ ರೀಫಿಲ್ ಸೇರಿಸಿದೆ. ಒತ್ತಿದರೆ 4 ಮಿಮೀ ಒಳಗೆ ಹೋಗಬೇಕು, ಬಿಟ್ಟರೆ ವಾಪಸ್ ಬರಬೇಕು. ಮೊದಲ ಸಲ ಸ್ಪ್ರಿಂಗ್ ಗಟ್ಟಿಯಾಗಿ ರೀಫಿಲ್ ಬಾಗಿತು. ಎರಡನೇ ಸಲ ಪೆನ್ನಿನದೇ ಸ್ಪ್ರಿಂಗ್ ಹಾಕಿದೆ, ಸರಿಹೋಯಿತು. ಟೇಬಲ್ ಮೇಲೆ ಪ್ಲೈವುಡ್ ಕ್ಲ್ಯಾಂಪ್ ಮಾಡಿ, ಅದರ ಮೇಲೆ ಗ್ರಾಫ್ ಹಾಳೆ ಟೇಪ್‌ನಿಂದ ಅಂಟಿಸಿದೆ. ಸ್ಪಿಂಡಲ್ ನಿಂತೇ ಇರಬೇಕು, ಆದ್ದರಿಂದ ಎಸ್ (ತಿರುಗುವ ವೇಗ) ಇಲ್ಲ, ಎಂ3 (ತಿರುಗು ಎಂಬ ಆಜ್ಞೆ) ಇಲ್ಲ. ಪೆನ್ನು 2 ಮಿಮೀ ಒತ್ತಿಕೊಳ್ಳುವಷ್ಟು ಝಡ್ ಕೈಯಿಂದ ಇಳಿಸಿ ಎಂಡಿಐನಲ್ಲಿ (ಕಂಟ್ರೋಲ್‌ಗೆ ನೇರವಾಗಿ ಸಾಲು ಒತ್ತುವ ಮೋಡ್) ಎರಡೇ ಸಾಲು:

ಜಿ90 ಜಿ54 ಜಿ0 ಎಕ್ಸ್-80. ವೈ-45.
ಜಿ0 ಎಕ್ಸ್80. ವೈ45.

ರ್ಯಾಪಿಡ್ ಓವರ್‌ರೈಡ್ ಎಫ್0, ಎಲ್ಲಕ್ಕಿಂತ ನಿಧಾನದ್ದು. ಮೊದಲ ಸಾಲು ಪೆನ್ನನ್ನು ಮೂಲೆಗೆ ತಂದಿತು. ಎರಡನೇ ಸಾಲಿಗೆ ಸ್ಟಾರ್ಟ್ ಒತ್ತಿ ಮೂರು ಜನ ಹಾಳೆಯ ಮೇಲೆ ಬಗ್ಗಿ ನೋಡುತ್ತಿದ್ದೆವು. ನೀಲಿ ಗೆರೆ ಮೂಲೆಯಿಂದ ಸರಿಯಾಗಿ 45 ಡಿಗ್ರಿಯಲ್ಲಿ ಮೇಲೇರಿತು. ಪ್ಲೇಟಿನ ನಡುವಿಗೆ ಹೋಗಲೇ ಇಲ್ಲ, ಅದರ ಎಡಗಡೆಯಿಂದ ದಾಟಿತು. ಎಕ್ಸ್ 10, ವೈ 45 ಮುಟ್ಟಿದ ಕೂಡಲೇ ಮುರಿದು, ಅಲ್ಲಿಂದ ಎಕ್ಸ್ ಗುಂಟ ಬಲಕ್ಕೆ 70 ಮಿಮೀ ನೇರ ಓಡಿತು. ಕ್ಲ್ಯಾಂಪ್ ಇರುವ ಜಾಗವನ್ನು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಮೊದಲೇ ಬರೆದಿದ್ದೆ. ನೀಲಿ ಗೆರೆ ಆ ಚೌಕದ ಒಳಗೆ ನುಗ್ಗಿ ಆಚೆ ಹೊರಟಿತ್ತು.

ಲೆಕ್ಕ ಸರಳ. ಜಿ0 ಎಂಬ ರ್ಯಾಪಿಡ್ ಓಟದಲ್ಲಿ ಎರಡು ಅಕ್ಷಗಳೂ ತಮ್ಮ ತಮ್ಮ ಪೂರ್ತಿ ರ್ಯಾಪಿಡ್ ವೇಗದಲ್ಲಿ ಹೊರಡುತ್ತವೆ. ವೈಗೆ 90 ಮಿಮೀ ಹೋಗಬೇಕು, ಎಕ್ಸ್‌ಗೆ 160. ಮೊದಲ 90 ಇಬ್ಬರೂ ಜೊತೆಗೆ, ಆದ್ದರಿಂದ 45 ಡಿಗ್ರಿ. ವೈ ತನ್ನ ಪಾಲು ಮುಗಿಸಿ ನಿಲ್ಲುತ್ತದೆ, ಎಕ್ಸ್ ಉಳಿದ 70ನ್ನು ಒಂಟಿಯಾಗಿ ಓಡುತ್ತದೆ. ಜಿ0 ಅಂದರೆ ನೇರ ಗೆರೆ ಎಂದು ಕ್ಯಾಮ್‌ನ ಚಿತ್ರ ತೋರಿಸಿತ್ತು, ನಾನು ನಂಬಿದ್ದೆ. ನೇರ ಹೋಗುವ ಮಾತು ಕೊಡುವುದು ಕತ್ತರಿಸುವ ವೇಗದ ಜಿ1 ಮಾತ್ರ. ಫ್ಯಾನುಕ್‌ನಲ್ಲಿ ಜಿ0 ನೇರ ಹೋಗಬೇಕೋ ಬೇಡವೋ ಎಂಬುದನ್ನು ಪ್ಯಾರಾಮೀಟರ್ 1401ರ ಬಿಟ್ 1, ಎಲ್‌ಆರ್‌ಪಿ, ನಿರ್ಧರಿಸುತ್ತದೆ. ನಮ್ಮ ಮೆಷಿನ್‌ನಲ್ಲಿ ಅದು 0. ಅಂದರೆ ಓರೆ. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಜಿ0 ಡೊಂಕು ಹೋಗಬಹುದು ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣಾರೆ ಕಂಡದ್ದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ.

ಬಿಟ್ 1 ಅನ್ನು 1 ಮಾಡಿಬಿಡೋಣ ಎಂದು ನಮ್ಮ ಟ್ರೈನಿ ಹುಡುಗ ಕೇಳಿದ. ಮಾಡಬಹುದು. ನಾನು ಬೇಡ ಎಂದೆ. ಈ ಮೆಷಿನ್‌ನಲ್ಲಿ ಹಳೆಯ ಪ್ರೋಗ್ರಾಂಗಳು ನೂರಾರಿವೆ, ಎಲ್ಲವೂ ಇದೇ ದಾರಿಯಲ್ಲಿ ಓಡಿ ಸರಿ ಎನಿಸಿಕೊಂಡವು. ದಾರಿ ಬದಲಾಯಿಸಿದರೆ ಒಂದೊಂದನ್ನೂ ಮತ್ತೆ ನೋಡಬೇಕು. ಅಲ್ಲದೆ ನೇರ ಹೋದರೂ 5 ಮಿಮೀ ಎತ್ತರದಲ್ಲಿ ಕ್ಲ್ಯಾಂಪ್‌ಗಳ ನಡುವೆ ಓಡಾಡುವುದೇ ತಪ್ಪು. ತಿದ್ದಬೇಕಾದದ್ದು ಎತ್ತರ.

ಜೂನ್ 7, ಶನಿವಾರ: ಕೆಂಪು ಪೆನ್ನು, ಆಮೇಲೆ ಎರಡನೇ ಗಂಡಾಂತರ

ಬೆಳಿಗ್ಗೆ ಪ್ರೋಗ್ರಾಂ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಸಾಲು ಸಾಲು ಓದಿದೆ. ಟಿ (ಟೂಲ್ ನಂಬರ್) ಎಷ್ಟೋ ಎಚ್ (ಅದರ ಉದ್ದದ ನಂಬರ್) ಅಷ್ಟೇ ಇದೆಯೇ, ಡಿ (ಅರ್ಧವ್ಯಾಸದ ನಂಬರ್) ಅದೇ ಇದೆಯೇ. ಪ್ರತಿ ಟೂಲ್‌ನ ಆರಂಭದಲ್ಲಿ ಹಿಂದಿನ ಸೆಟ್ಟಿಂಗ್ ರದ್ದು ಮಾಡುವ ಜಿ40 ಜಿ49 ಜಿ80 ಇದೆಯೇ. ಟ್ಯಾಪ್‌ಗೆ ಎಸ್300 (ನಿಮಿಷಕ್ಕೆ ಸುತ್ತು), ಪಿಚ್ 1.5, ಆದ್ದರಿಂದ ಎಫ್450 (ನಿಮಿಷಕ್ಕೆ ಮಿಮೀ) ಇರಬೇಕು, ಇತ್ತು. 8.5 ಡ್ರಿಲ್ ಆರಪಾರ ಹೋಗಲು ಝಡ್-28.5, ತುದಿಯ ಕೋನಕ್ಕೆ ಎರಡೂವರೆ ಬಿಟ್ಟು ಇನ್ನೊಂದು ಮಿಮೀ. ಪ್ಯಾರಲಲ್ ಆ ತೂತುಗಳ ಕೆಳಗೆ ಬರುವುದಿಲ್ಲ ಎಂದು ಮತ್ತೆ ಅಳೆದೆ. ಟೂಲನ್ನು ಹೋಮ್‌ಗೆ (ಮೆಷಿನ್‌ನ ಮೂಲಸ್ಥಾನ) ಕಳಿಸುವ ಜಿ28 ಎಲ್ಲ ಕಡೆ ಜಿ91 (ನಿಂತಲ್ಲಿಂದ ಅಳೆ) ಜೊತೆ ಇತ್ತು. ಇದನ್ನು ಬಿಡದೆ ನೋಡುತ್ತೇನೆ. ಜಿ90 (ಝೀರೋದಿಂದ ಅಳೆ) ಇರುವಾಗ ಜಿ28 ಝಡ್0 ಎಂದು ಬರೆದರೆ ಟೂಲ್ ಮೊದಲು ಜಾಬಿನ ಝಡ್ ಸೊನ್ನೆಗೆ ಇಳಿದು, ಅಲ್ಲಿಂದ ಹೋಮ್‌ಗೆ ಹೊರಡುತ್ತದೆ. ಪಾಕೆಟ್ ಅಂಚಿನಲ್ಲಿ ನಿಂತ ಟೂಲ್‌ಗೆ ಅದು ಸಾವು.

ತಿದ್ದುಪಡಿ ಮೂರು ಕಡೆ. ಸ್ಪಾಟ್, ಡ್ರಿಲ್, ಟ್ಯಾಪ್ ಮೂರಕ್ಕೂ ಜಿ99 ತೆಗೆದು ಜಿ98. ಸೈಕಲ್‌ಗೆ ಮುಂಚೆ, ಟೂಲ್ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಸಾಲಿನಲ್ಲಿ ಝಡ್50. ಇದೆ. ಜಿ98 ಇದ್ದರೆ ಪ್ರತಿ ತೂತಿನ ಮೇಲೂ ಟೂಲ್ ಆ 50ಕ್ಕೇ ಏಳುತ್ತದೆ, ಸ್ಟಡ್ಡಿನ 38ಕ್ಕಿಂತ 12 ಮೇಲೆ. ಸ್ಪಾಟ್ ಮತ್ತು ಡ್ರಿಲ್‌ನ ಆರ್ ಅನ್ನು 5ರಿಂದ 3ಕ್ಕೆ ಇಳಿಸಿದೆ. ತೂತುಗಳ ಕ್ರಮವನ್ನೂ ಸುತ್ತುವರಿಯುವಂತೆ ಬದಲಾಯಿಸಿದೆ. ಇದನ್ನೆಲ್ಲ ಕ್ಯಾಮ್‌ಗೆ ಹೋಗಿ ಹೊಸದಾಗಿ ಪೋಸ್ಟ್ ಮಾಡದೆ (ಕೋಡ್ ತೆಗೆಯದೆ) ಕಂಟ್ರೋಲ್‌ನ ಕೀಬೋರ್ಡ್‌ನಲ್ಲೇ ಒತ್ತಿದೆ. ಅದರ ಫಲ ಸೋಮವಾರ ಸಿಕ್ಕಿತು.

ಪ್ಲೇಟ್ 2 ಕಟ್ಟಿ, ಎಡ್ಜ್ ಫೈಂಡರ್‌ನಿಂದ ಎಕ್ಸ್ ವೈ ತೆಗೆದು, ಎಂಡ್ ಮಿಲ್‌ನ ಉದ್ದ ಸೆಟ್ ಮಾಡಿದೆ. ಉದ್ದ ಸೆಟ್ ಮಾಡಿದ ಮೇಲೆ ಟೂಲನ್ನು ಸ್ವಲ್ಪ ಮೇಲೆತ್ತಿ ಅಲ್ಲೇ ಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ. ಕಂಟ್ರೋಲ್‌ನ ಗ್ರಾಫಿಕ್ಸ್‌ನಲ್ಲಿ ದಾರಿ ನೋಡೋಣ ಎಂದು ಮೆಷಿನ್ ಲಾಕ್ ಒತ್ತಿದೆ, ಎಂ ಮತ್ತು ಟಿ ಕೆಲಸ ಮಾಡದಂತೆ ಆಕ್ಸಿಲರಿ ಲಾಕ್ ಕೂಡ ಹಾಕಿದೆ. ಪ್ರೋಗ್ರಾಂ ಪೂರ್ತಿ ಓಡಿತು. ಪರದೆಯ ಮೇಲೆ ಗೆರೆಗಳು ಚೆನ್ನಾಗಿ ಬಂದವು. ಲಾಕ್ ತೆಗೆದೆ.

ಸ್ಪಿಂಡಲ್‌ನಲ್ಲಿ ಎಂಡ್ ಮಿಲ್ ಇದ್ದೇ ಇತ್ತು. ಟೂಲ್ ಚೇಂಜ್ ಸಾಲನ್ನು ಬಿಟ್ಟು ಅದರ ಮುಂದಿನ ಸಾಲಿನಿಂದ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವ ಸ್ವಿಚ್) ಹಾಕಿ, ರ್ಯಾಪಿಡ್ ಎಫ್0 ಇಟ್ಟು ಸ್ಟಾರ್ಟ್ ಕೊಟ್ಟೆ. ಎಕ್ಸ್ ವೈ ನಿಧಾನವಾಗಿ ಸರಿದು ನಿಂತವು. ಮುಂದಿನ ಸಾಲು ಜಿ43 ಎಚ್2 ಝಡ್50. ಗುರುವಾರದ ಹೆದರಿಕೆ ಇನ್ನೂ ಮೈಯಲ್ಲಿತ್ತು. ಪ್ರತಿ ಸಾಲಿಗೂ ಸ್ಟಾರ್ಟ್ ಒತ್ತಿ, ತಕ್ಷಣ ಹೋಲ್ಡ್ ಒತ್ತಿ, ಪೊಸಿಷನ್ ಪುಟದಲ್ಲಿ "ಡಿಸ್ಟನ್ಸ್ ಟು ಗೋ" (ಉಳಿದ ದೂರ) ಓದುವುದು ಎಂದು ನಿಯಮ ಮಾಡಿಕೊಂಡಿದ್ದೆ. ಒತ್ತಿದೆ, ಹಿಡಿದೆ, ಓದಿದೆ. ಝಡ್ ಇನ್ನೂ 365 ಮಿಮೀ ಕೆಳಗಿಳಿಯಬೇಕು ಎಂದಿತ್ತು.

ಬಾಗಿಲ ಗಾಜಿನೊಳಗೆ ನೋಡಿದೆ. ಟೂಲಿಗೂ ಪ್ಲೇಟಿಗೂ ನಡುವೆ ನಾಲ್ಕು ಬೆರಳು ಹಿಡಿಯುವಷ್ಟು ಜಾಗ, ಅಷ್ಟೇ. 80 ಮಿಮೀ ಇದ್ದರೆ ಹೆಚ್ಚು.

ಒಂದು ನಿಮಿಷ ಏನೂ ತೋಚಲಿಲ್ಲ. ಆಮೇಲೆ ಹೊಳೆಯಿತು. ಮೆಷಿನ್ ಲಾಕ್‌ನಲ್ಲಿ ಟೂಲ್ ನಿಂತಲ್ಲೇ ನಿಂತಿರುತ್ತದೆ, ಪರದೆಯ ಅಂಕಿಗಳು ಮಾತ್ರ ಓಡುತ್ತವೆ. ಪ್ರೋಗ್ರಾಂ ಕೊನೆಗೆ ಅಂಕಿಗಳು ಝಡ್ ಹೋಮ್‌ಗೆ ಹೋಗಿ ನಿಂತಿದ್ದವು. ಕಂಟ್ರೋಲ್‌ನ ಮನಸ್ಸಿನಲ್ಲಿ ಟೂಲ್ ಮೇಲೆ ತುದಿಯಲ್ಲಿದೆ, ನಿಜಕ್ಕೂ ಅದು ಪ್ಲೇಟಿನ ತಲೆಯ ಮೇಲಿದೆ. ಮೇಲಿದ್ದೇನೆ ಎಂದುಕೊಂಡು 365 ಇಳಿಯಲು ಹೊರಟಿದೆ. ಹೋಲ್ಡ್ ಒತ್ತದೆ ಬಿಟ್ಟಿದ್ದರೆ, ಎಫ್0 ವೇಗದಲ್ಲೂ ಹತ್ತು ಹನ್ನೆರಡು ಸೆಕೆಂಡಿಗೆ ಎಂಡ್ ಮಿಲ್ ಪ್ಲೇಟಿಗೆ ಕುತ್ತುತ್ತಿತ್ತು.

ರಿಸೆಟ್ ಒತ್ತಿದರೆ ಅಂಕಿ ಸರಿಯಾಗಲಿಲ್ಲ. ಹ್ಯಾಂಡಲ್‌ನಿಂದ ಟೂಲ್ ಎತ್ತಿ, ಮೆಷಿನ್ ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ಮೂರೂ ಅಕ್ಷಗಳನ್ನು ರೆಫರೆನ್ಸ್‌ಗೆ, ಅಂದರೆ ಹೋಮ್‌ಗೆ, ಕಳಿಸಿದೆ. ಆಮೇಲೂ ನಂಬಿಕೆ ಬರಲಿಲ್ಲ. ಎಡ್ಜ್ ಫೈಂಡರ್ ಹಾಕಿ ಎಡ ಅಂಚು ಮತ್ತೆ ತಟ್ಟಿ ನೋಡಿದೆ, ಬೆಳಗಿನ ಅಂಕಿಗೆ 0.01 ವ್ಯತ್ಯಾಸ. ಸರಿ. ಮೆಷಿನ್ ಲಾಕ್ ಬಟನ್ ಮೇಲೆ ಹಳದಿ ಟೇಪ್ ಅಂಟಿಸಿ "ತೆಗೆದ ಮೇಲೆ ರೆಫರೆನ್ಸ್" ಎಂದು ಬರೆದೆ. ಇನ್ನು ಮುಂದೆ ದಾರಿ ಪರೀಕ್ಷೆಗೆ ಈ ಬಟನ್ ಮುಟ್ಟುವುದಿಲ್ಲ. ನಿಂತ ಟೂಲ್ ದಾರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆ ಹೊತ್ತಿಗೆ ಸಂಜೆ ಐದು. ಕೈ ನಡುಗುತ್ತಿರುವಾಗ ಮುಂದುವರಿಸಬೇಡ ಎಂದು ಅಣ್ಣ ಮೇನ್ ಸ್ವಿಚ್ ಆಫ್ ಮಾಡಿಸಿದರು.

ಜೂನ್ 9, ಸೋಮವಾರ: ಗಾಳಿಯಲ್ಲಿ ಓಟ

ಆಫ್‌ಸೆಟ್ ಪುಟದಲ್ಲಿ ಜಿ54ಕ್ಕಿಂತ ಮೇಲೆ ಇಎಕ್ಸ್‌ಟಿ ಎಂಬ ಸಾಲಿದೆ. ಅಲ್ಲಿ ಬರೆದದ್ದು ಎಲ್ಲ ಝೀರೋಗಳಿಗೂ ಕೂಡಿಕೊಳ್ಳುತ್ತದೆ. ಅದರ ಝಡ್‌ನಲ್ಲಿ 50. ಹಾಕಿದರೆ ಪ್ರೋಗ್ರಾಂನ ಒಂದಕ್ಷರವನ್ನೂ ಮುಟ್ಟದೆ ಇಡೀ ಕೆಲಸ 50 ಮಿಮೀ ಮೇಲೆ ನಡೆಯುತ್ತದೆ. ಕತ್ತರಿಸಲಿರುವ ಪ್ರೋಗ್ರಾಂನನ್ನೇ ಓಡಿಸುವುದು ಇದರಲ್ಲಿರುವ ದೊಡ್ಡ ಗುಣ. ಪ್ಲಸ್ 50 ತೆಗೆಯಲು ಮರೆತರೆ ಬರೀ ಗಾಳಿ ಕತ್ತರಿಸುತ್ತದೆ, ಆದರೆ ಅವಸರದಲ್ಲಿ ಮೈನಸ್ ಬಿದ್ದರೆ ಸ್ಪಿಂಡಲ್ ಹೋಗುತ್ತದೆ. ಅಂಕಿಯನ್ನು ಹುಡುಗನ ಕೈಲಿ ಗಟ್ಟಿಯಾಗಿ ಓದಿಸಿದೆ, ಬಾಗಿಲ ಗಾಜಿನ ಮೇಲೆ ಮಾರ್ಕರ್‌ನಲ್ಲಿ "+50 ಇದೆ" ಎಂದು ಬರೆದೆ. ಆಫ್‌ಸೆಟ್ ಸೊನ್ನೆಯಾದ ಮೇಲಷ್ಟೇ ಅದನ್ನು ಅಳಿಸಬೇಕು.

ಸಿಂಗಲ್ ಬ್ಲಾಕ್, ರ್ಯಾಪಿಡ್ 25, ಪ್ರತಿ ಟೂಲ್ ಮುಗಿದ ಮೇಲೆ ಎಂ01 (ನಿಲ್ಲು ಎಂಬ ಆಜ್ಞೆ). ಪಾಕೆಟ್‌ನ ಸುರುಳಿ ದಾರಿ ಗಾಳಿಯಲ್ಲಿ ಸರಿಯಾಗಿ ಇಳಿಯಿತು. ಆಳ ಪ್ಲೇಟಿಗಿಂತ 38 ಮೇಲೆ ಬಂದು ನಿಂತಿತು, 50ರಲ್ಲಿ 12 ಕಳೆದದ್ದು. ಸ್ಪಾಟ್ ಡ್ರಿಲ್ ಕೂಡ ಸರಿ. ತೂತಿನಿಂದ ತೂತಿಗೆ ಹೋಗುವಾಗ ಕ್ಲ್ಯಾಂಪ್‌ಗಳ ಎಷ್ಟೋ ಮೇಲೆ ಹಾದುಹೋಯಿತು.

ಆಮೇಲೆ 8.5 ಡ್ರಿಲ್. ಫ್ಯಾನುಕ್‌ನ ಡ್ರಿಲ್ ಸೈಕಲ್‌ನಲ್ಲಿ ಸಿಂಗಲ್ ಬ್ಲಾಕ್ ಇದ್ದರೆ ಟೂಲ್ ಮೂರು ಕಡೆ ನಿಲ್ಲುತ್ತದೆ: ತೂತಿನ ನೇರಕ್ಕೆ ಬಂದಾಗ, ಆರ್ ಮಟ್ಟಕ್ಕೆ ಇಳಿದಾಗ, ಎಲ್ಲ ಮುಗಿಸಿ ಎದ್ದಾಗ. ಆರ್ ಮಟ್ಟದಲ್ಲಿ ನಿಂತಾಗ ಮೋಡ್ ಬದಲಿಸಿ, ಸ್ಪಿಂಡಲ್ ನಿಲ್ಲಿಸಿ, ಬಾಗಿಲು ತೆಗೆದು ಝಡ್ ಸೆಟ್ಟರ್‌ನ 50 ಮಿಮೀ ಬ್ಲಾಕನ್ನು ಡ್ರಿಲ್ ಕೆಳಗೆ ತೂರಿಸಿ ನೋಡುವುದು ನಮ್ಮ ಅಣ್ಣ ಹೇಳಿಕೊಟ್ಟ ಉಪಾಯ. ಆರ್ 3 ಆದರೆ ತುದಿ ಪ್ಲೇಟಿನಿಂದ 53 ಮೇಲಿರಬೇಕು. ಬ್ಲಾಕ್ ಸಲೀಸಾಗಿ ಹೋಗಿ ಮೇಲೆ 3 ಮಿಮೀ ಬೆಳಕು ಕಾಣಬೇಕು. ಸ್ಪಾಟ್ ಡ್ರಿಲ್‌ಗೆ ಹಾಗೇ ಕಂಡಿತ್ತು. ಇಲ್ಲಿ ಬ್ಲಾಕ್ ಡ್ರಿಲ್ ತುದಿಗೆ ತಾಗಿ ನಿಂತುಬಿಟ್ಟಿತು. ಬೆಳಕು ಇಲ್ಲವೇ ಇಲ್ಲ.

ಪ್ರೋಗ್ರಾಂ ತೆಗೆದು ನೋಡಿದೆ. ಜಿ98 ಜಿ83 (ಡ್ರಿಲ್ ಸೈಕಲ್), ಎಕ್ಸ್ ವೈ ಝಡ್ ಎಲ್ಲದಕ್ಕೂ ಚುಕ್ಕೆ ಇದೆ. ಆರ್3, ಚುಕ್ಕೆ ಇಲ್ಲ. ಶನಿವಾರ ಕೈಯಲ್ಲಿ ಒತ್ತಿದಾಗ ಬಿಟ್ಟುಹೋದದ್ದು. ಈ ಮೆಷಿನ್‌ನಲ್ಲಿ ಚುಕ್ಕೆಯಿಲ್ಲದ 3 ಎಂದರೆ 3 ಮೈಕ್ರಾನ್, 0.003 ಮಿಮೀ. ಪಕ್ಕದ ಹೊಸ ಮೆಷಿನ್‌ನಲ್ಲಿ ಅದೇ 3 ಎಂದರೆ 3 ಮಿಮೀ, ಪ್ಯಾರಾಮೀಟರ್ 3401ರ ಬಿಟ್ 0 ಅಲ್ಲಿ 1 ಇದೆ, ಇಲ್ಲಿ 0. ಮೂರು ತಿಂಗಳಿಂದ ಹೊಸದರ ಮೇಲೇ ಇದ್ದೆ. ಬೆರಳಿಗೆ ಚುಕ್ಕೆ ಮರೆತುಹೋಗಿತ್ತು. ಒಂದೇ ಶಾಪ್‌ನ ಎರಡು ಮೆಷಿನ್‌ಗಳಲ್ಲಿ ಒಂದೇ ಅಕ್ಷರಕ್ಕೆ ಸಾವಿರ ಪಟ್ಟು ಬೇರೆ ಅರ್ಥ ಇರುವುದು ಒಳ್ಳೆಯದಲ್ಲ. ಎರಡನ್ನೂ ಒಂದು ಮಾಡೋಣ ಎಂದು ಯಜಮಾನರಿಗೆ ಬರೆದು ಕೊಟ್ಟಿದ್ದೇನೆ.

ಇದರಿಂದ ಲೋಹದ ಮೇಲೆ ಏನಾಗುತ್ತಿತ್ತು? ಸ್ಪಾಟ್‌ನ ಗುಂಡಿ ಮೊದಲೇ ಇರುವುದರಿಂದ ಡ್ರಿಲ್ ಮುರಿಯದೆಯೂ ಇರಬಹುದಿತ್ತು. ಆದರೆ ಡ್ರಿಲ್ ರ್ಯಾಪಿಡ್ ವೇಗದಲ್ಲಿ ಮೇಲ್ಮೈಯವರೆಗೂ ಬಂದು ನಿಲ್ಲುತ್ತಿತ್ತು. ಒಂದು ಚೂರು ಚಿಪ್ ಅಲ್ಲಿ ಕೂತಿದ್ದರೆ, ಟೂಲ್ ಉದ್ದ ಒಂದಿಷ್ಟು ತಪ್ಪಿದ್ದರೆ ಸಾಕಿತ್ತು. ಕಂಪ್ಯೂಟರ್‌ನ ವ್ಯೂವರ್‌ನಲ್ಲಿ ಅದೇ ಸಾಲನ್ನು ಹಾಕಿ ನೋಡಿದೆ. ಅದು ಆರ್3 ಅನ್ನು 3 ಮಿಮೀ ಎಂದೇ ತೆಗೆದುಕೊಂಡು ಸರಿಯಾಗಿ ತೋರಿಸಿತು.

ಚುಕ್ಕೆ ಹಾಕಿದೆ. ಹಾಕಿದ ಮೇಲೆ ಪ್ರೋಗ್ರಾಂ ಮತ್ತೆ ಪ್ರಿಂಟ್ ತೆಗೆದು, ಚುಕ್ಕೆಯಿಲ್ಲದ ಅಂಕಿಗಳನ್ನಷ್ಟೇ ಹುಡುಕಲು ಹುಡುಗನಿಗೆ ಕೊಟ್ಟೆ. ಅವನು ಅರ್ಧ ಗಂಟೆ ಕೂತು ನೋಡಿ ಇನ್ನೊಂದೂ ಇಲ್ಲ ಎಂದ. ಮೊದಲ ಟೂಲ್‌ನಿಂದ ಮತ್ತೆ ಗಾಳಿಯಲ್ಲಿ ಓಡಿಸಿದೆವು. ಡ್ರಿಲ್ ಕೆಳಗೆ 3 ಮಿಮೀ ಬೆಳಕು ಬಂತು.

ಟ್ಯಾಪ್‌ಗೆ ಬೇರೆ ಎಚ್ಚರಿಕೆ. ಟ್ಯಾಪ್ ಸೈಕಲ್ ಜಿ84 ನಡೆಯುತ್ತಿರುವಾಗ ಫೀಡ್ ಹೋಲ್ಡ್ ಒತ್ತಿದರೂ ಟೂಲ್ ತೂತಿನಿಂದ ವಾಪಸ್ ಬಂದ ಮೇಲೆಯೇ ನಿಲ್ಲುತ್ತದೆ, ಓವರ್‌ರೈಡ್ ಕೂಡ ಕೆಲಸ ಮಾಡುವುದಿಲ್ಲ. ಬಟನ್ ನಂಬಿಕೊಂಡು ಟ್ಯಾಪ್ ಪರೀಕ್ಷೆ ಮಾಡುವಂತಿಲ್ಲ. ಅದನ್ನು ಗಾಳಿಯಲ್ಲೇ ನಾಲ್ಕೂ ತೂತಿಗೆ ಪೂರ್ತಿ ಓಡಿಸಿದೆ. ಇಳಿದ ಆಳವನ್ನು ಸ್ಕೇಲ್ ಹಿಡಿದಲ್ಲ, ಪರದೆಯ ಅಂಕಿಯಿಂದಲೇ ಬರೆದುಕೊಂಡೆ.

ಮರದ ಹಲಗೆಯ ಮೇಲೆ ಒಮ್ಮೆ ಕತ್ತರಿಸೋಣವೇ ಎಂದು ಹುಡುಗ ಕೇಳಿದ. ಈ ಜಾಬಿಗೆ ಬೇಕಾಗಿರಲಿಲ್ಲ, ಮರದ ಹೊಟ್ಟು ಕೂಲೆಂಟ್‌ಗೆ ಹೋದರೆ ಫಿಲ್ಟರ್ ಕಟ್ಟುತ್ತದೆ. ಬೇಡ ಎಂದೆ.

ಜೂನ್ 10, ಮಂಗಳವಾರ: ಲೋಹ

ಬೆಳಿಗ್ಗೆ ಎಂಟಕ್ಕೆ ಇಎಕ್ಸ್‌ಟಿ ಝಡ್ ಸೊನ್ನೆ. ಹುಡುಗ ಗಟ್ಟಿಯಾಗಿ ಓದಿದ, ಗಾಜಿನ ಮೇಲಿನ ಬರಹ ಅಳಿಸಿದ. ಪ್ಲೇಟ್ 2.

ಪ್ರತಿ ಟೂಲ್‌ನ ಮೊದಲ ಇಳಿತವನ್ನು ಒಂದೇ ರೀತಿ ಮಾಡಿದೆ. ಸ್ಟಾರ್ಟ್, ಹೋಲ್ಡ್, ಉಳಿದ ದೂರ ಓದು, ಗಾಜಿನೊಳಗೆ ಕಣ್ಣಳತೆಯಲ್ಲಿ ಹೋಲಿಸು, ಆಮೇಲೆ ಬಿಡು. ಒಂದು ಟೂಲ್‌ಗೆ ಅರ್ಧ ನಿಮಿಷವೂ ಬೇಡ. ಎಂಡ್ ಮಿಲ್ ಎಸ್3200, ಎಫ್600. ಮೊದಲ ಸುತ್ತಿಗೆ ಡಿ2ರಲ್ಲಿ 5.05 ಹಾಕಿದ್ದೆ. ಬೋರ್ ಗೇಜ್‌ನಲ್ಲಿ 59.91 ಬಂತು. ಡಿ ಅನ್ನು 4.998 ಮಾಡಿ ಫಿನಿಶ್ ಪಾಸ್ ಮತ್ತೆ ಓಡಿಸಿದಾಗ 60.01. ಎಚ್7ಗೆ 60.00ರಿಂದ 60.03ರವರೆಗೆ ಜಾಗವಿದೆ.

ಸ್ಪಾಟ್ ಡ್ರಿಲ್ ಮೊದಲ ತೂತಿನಿಂದ ಎದ್ದಾಗ ನನ್ನ ಹೆಬ್ಬೆರಳು ಹೋಲ್ಡ್ ಬಟನ್ ಮೇಲೇ ಇತ್ತು. ಟೂಲ್ 50ಕ್ಕೆ ಎದ್ದಿತು, ಕ್ಲ್ಯಾಂಪ್‌ನ ಮೇಲಿಂದ ದಾಟಿತು, ಮುಂದಿನ ಮೂಲೆಯ ಮೇಲೆ ನಿಂತಿತು. ಡ್ರಿಲ್, ಟ್ಯಾಪ್ ಕೂಡ ಹಾಗೇ. ಎಂ10 ಗೋ ಗೇಜ್ ನಾಲ್ಕರಲ್ಲೂ ಕೈಯಲ್ಲೇ ಇಳಿಯಿತು.

ಮೂರನೇ ಪ್ಲೇಟಿನಿಂದ ಸಿಂಗಲ್ ಬ್ಲಾಕ್ ತೆಗೆದೆ, ರ್ಯಾಪಿಡ್ 50. ಒಂದಕ್ಕೆ ಕಟ್ಟಿ ಬಿಚ್ಚುವುದೂ ಸೇರಿ 26 ನಿಮಿಷ. ಜಿ98ನಿಂದಾಗಿ ಪ್ರತಿ ತೂತಿಗೂ 50ಕ್ಕೆ ಎದ್ದು ಇಳಿಯುವ ಖರ್ಚು ಎಷ್ಟು ಎಂದು ಗಡಿಯಾರ ಹಿಡಿದು ನೋಡಿದೆ. ಒಂದು ಪ್ಲೇಟಿಗೆ ಏಳು ಸೆಕೆಂಡ್.

ಖರ್ಚು ಬರೆದಿಡುತ್ತೇನೆ. ಸ್ಪಾಟ್ ಡ್ರಿಲ್ 1,350, ಕಾಲೆಟ್ 380. ನಮ್ಮ ಮೆಷಿನ್ ಗಂಟೆ ದರ 450, ಪರೀಕ್ಷೆ ಮತ್ತು ತಿದ್ದುಪಡಿಗೆ ಹೋದದ್ದು 14 ಗಂಟೆ, ಅದು 6,300. ಒಟ್ಟು 8,030 ರೂಪಾಯಿ. ಪೆನ್ನಿನ ಬುಷ್‌ಗೆ ತುಂಡು ಬಾರ್, ಹಳೆಯ ರೀಫಿಲ್. ಅದಕ್ಕೆ ದುಡ್ಡಿಲ್ಲ.

ಕೊನೆಗೆ ಉಳಿದದ್ದು ಪ್ಲೇಟ್ 1, ಪೆಟ್ಟು ತಿಂದದ್ದು. ಅದರಲ್ಲಿ ಪಾಕೆಟ್ ಮುಗಿದಿತ್ತು, ಒಂದು ಮೂಲೆಗೆ ಸ್ಪಾಟ್ ಬಿದ್ದಿತ್ತು. ಉದ್ದ ಅಂಚಿಗೆ ಡಯಲ್ ಹಿಡಿದು 180 ಮಿಮೀಗೆ 0.02 ಒಳಗೆ ನೇರ ಮಾಡಿಕೊಂಡೆ. ಆಮೇಲೆ ಸ್ಪಿಂಡಲ್‌ಗೆ ಡಯಲ್ ಕಟ್ಟಿ ಪಾಕೆಟ್‌ನ ಒಳಗೋಡೆಗೆ ತಾಗಿಸಿ, ಕೈಯಲ್ಲಿ ತಿರುಗಿಸುತ್ತಾ ನಡು ಹುಡುಕಿದೆ. ಮುಳ್ಳು ಮೊದಲು ಮುಕ್ಕಾಲು ಮಿಮೀ ಓಡಾಡಿತು, ಆಮೇಲೆ ಹತ್ತು ಗೆರೆ, ಆಮೇಲೆ ಒಂದು ಗೆರೆ. ಜಿ54 ಅಲ್ಲಿ ಇಟ್ಟೆ. ಪಾಕೆಟ್ ಬಿಟ್ಟು ಸ್ಪಾಟ್‌ನಿಂದ ಶುರು ಮಾಡಿದಾಗ ಹೊಸ ಸ್ಪಾಟ್ ಡ್ರಿಲ್‌ನ ತುದಿ ಗುರುವಾರದ ಗುಂಡಿಯಲ್ಲೇ ಹೋಗಿ ಕೂತಿತು. ಸಂಜೆ ಆರೂಕಾಲಿಗೆ ಆರೂ ಪ್ಲೇಟ್ ಎಣ್ಣೆ ಹಚ್ಚಿ, ಕಾಗದ ಸುತ್ತಿ ಟೆಂಪೋಗೆ ಹಾಕಿದೆವು. ನೀಲಿ ಗೆರೆಯ ಗ್ರಾಫ್ ಹಾಳೆಯನ್ನು ಅಣ್ಣ ಮೆಷಿನ್ ಪಕ್ಕದ ಟೂಲ್ ರ್ಯಾಕ್‌ಗೆ ಮ್ಯಾಗ್ನೆಟ್‌ನಿಂದ ಅಂಟಿಸಿದ್ದಾರೆ, ಪೆನ್ಸಿಲ್‌ನ ಕ್ಲ್ಯಾಂಪ್ ಚೌಕ ಕಾಣುವ ಹಾಗೆ.